ಕಾದವನ ಸಿಟ್ಟು

‘ದೇವರ ಮೇಲೆ ಭಾರ ಹಾಕಿ’ ಎಂದು ಯಾರಾದರೂ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೇಳುವವರು ಒಳ್ಳೆಯವರೇ. ಕೈಯಲ್ಲಿ ಬಾಳೆಹಣ್ಣೋ ಬಿಸ್ಕತ್ತಿನ ಪ್ಯಾಕೆಟ್ಟೋ ಹಿಡಿದು ಬಂದಿರುತ್ತಾರೆ, ದನಿಯಲ್ಲಿ ನಿಜವಾದ ಮರುಕವೂ ಇರುತ್ತದೆ. ಆದರೂ ಉರಿಯುತ್ತದೆ. ಹೈಸ್ಕೂಲ್ ಮೇಷ್ಟರಾಗಿ ಎಷ್ಟೋ ತಲೆಬುಡವಿಲ್ಲದ ಮಾತುಗಳನ್ನು ನಗುತ್ತಾ ಕೇಳಿಸಿಕೊಂಡವನು ನಾನು. ಇದೊಂದನ್ನು ಮಾತ್ರ ಸಹಿಸಲಾರೆ. ಯಾಕೆಂದರೆ ಆ ಭಾರ ಎಷ್ಟಿದೆ ಅಂತ ನನಗೆ ಗೊತ್ತು. ಅದನ್ನು ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ ಎತ್ತಿ ಸಾಗಿಸಿದವನು ನಾನು. ದೇವರು ಒಂದು ಕಡೆ ಕೈ ಹಾಕಿದ್ದರೆ ನನ್ನ ಸೊಂಟಕ್ಕೆ ಗೊತ್ತಾಗುತ್ತಿರಲಿಲ್ಲವೇ?

ಭಾರ ಅಂದರೆ ನನ್ನ ಹೆಂಡತಿ ಗಿರಿಜಾ. ತುಮಕೂರಿನಲ್ಲಿ ಪ್ರೈಮರಿ ಶಾಲೆಯ ಟೀಚರು. ಅವಳ ತವರು ಕುಣಿಗಲ್ ಕಡೆ, ಮಾರ್ಕೋನಹಳ್ಳಿಯ ಹತ್ತಿರ. ತವರಿಗೆ ಹೋಗಲು ಬಸ್ಸು ಹತ್ತಿದರೆ ಕುಣಿಗಲ್ಲು ಬರುವಷ್ಟರಲ್ಲಿ ಪಕ್ಕದ ಸೀಟಿನವರ ಸೊಸೆಯ ಬಾಣಂತನದವರೆಗೆ ಎಲ್ಲವನ್ನೂ ತಿಳಿದುಕೊಂಡು, ತಾನೂ ಹೇಳಿ, ಇಳಿಯುವಾಗ ಇಬ್ಬರೂ ಕಣ್ಣೊರೆಸಿಕೊಳ್ಳುವಂಥ ಮಾತುಗಾತಿ. ಇಂಥವಳು ಒಂದು ಭಾನುವಾರ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಾ ಕುಸಿದು ಬಿದ್ದಳು. ಸ್ಟ್ರೋಕ್ ಅಂದರು. ಬಲಗೈ ಹೋಯಿತು, ಬಲಗಾಲು ಅರ್ಧ ಹೋಯಿತು, ಮಾತು ಪೂರ್ತಿ ಹೋಯಿತು. ಪೂರ್ತಿ ಅಂದರೆ ಒಂದು ಮಾತು ಉಳಿಯಿತು: ‘ಅದೇ’.

ಊಟ ಮಾಡ್ತೀಯಾ ಅಂದರೆ ‘ಅದೇ’. ಫ್ಯಾನ್ ಹಾಕಲಾ ಅಂದರೆ ‘ಅದೇ’. ಕಿಟಕಿಯ ಕಡೆ ನೋಡಿ ‘ಅದೇ, ಅದೇ’ ಅಂದರೆ ಅದು ಬಿಸಿಲೋ, ಹೊರಗಿನ ಬಟ್ಟೆಯೋ, ಅವಳ ಶಾಲೆಯ ಮಕ್ಕಳೋ, ತೀರಿಕೊಂಡ ಅಪ್ಪನೋ, ಏನು ಬೇಕಾದರೂ ಆಗಬಹುದು. ನಾನು ಒಂದೊಂದೇ ಕೇಳುತ್ತಾ ಹೋಗಬೇಕು. ತಪ್ಪಾದರೆ ಎಡಗೈಯಿಂದ ಹಾಸಿಗೆಯನ್ನು ಗುದ್ದುತ್ತಿದ್ದಳು. ಅವಳಿಗೆ ಎಲ್ಲ ಅರ್ಥವಾಗುತ್ತಿತ್ತು. ಒಳಗೆ ಮಾತು ತುಂಬಿಕೊಂಡೇ ಇತ್ತು, ಹೊರಗೆ ಬರುವ ದಾರಿ ಮಾತ್ರ ಮುಚ್ಚಿಹೋಗಿತ್ತು.

ಡಾಕ್ಟರು ‘ಕಾಯಬೇಕು’ ಅಂದರು. ಮಾತು ಕಲಿಸಲು ಬರುತ್ತಿದ್ದ ಥೆರಪಿಸ್ಟ್ ಹುಡುಗಿಯೂ ಅದನ್ನೇ ಅಂದಳು. ನೆಂಟರು ‘ದೇವರು ಕಾಯ್ತಾನೆ’ ಅಂದರು. ಕನ್ನಡ ಮೇಷ್ಟರಾದ ತಪ್ಪಿಗೆ ಆ ಪದ ನನ್ನ ತಲೆಯೊಳಗೆ ಕೂತುಬಿಟ್ಟಿತು. ಕಾಯುವುದು ಅಂದರೆ ಎದುರು ನೋಡುವುದು. ಕಾಯುವುದು ಅಂದರೆ ರಕ್ಷಿಸುವುದೂ ಹೌದು. ಒಲೆಯ ಮೇಲಿಟ್ಟ ನೀರೂ ಕಾಯುತ್ತದೆ. ಹಳಗನ್ನಡಕ್ಕೆ ಹೋದರೆ ಕಾದು ಅಂದರೆ ಯುದ್ಧ ಮಾಡು. ಡಾಕ್ಟರು ಮೊದಲನೆಯ ಅರ್ಥದಲ್ಲಿ ಹೇಳಿದರು, ನೆಂಟರು ಎರಡನೆಯದರಲ್ಲಿ, ನಾನು ಮೂರನೆಯ ಅರ್ಥದಲ್ಲಿ ಕಾದೆ. ನಾಲ್ಕನೆಯದಕ್ಕೂ ತಯಾರಿದ್ದೆ, ಎದುರಿಗೆ ಯಾರೂ ಬರಲಿಲ್ಲ. ಮಾವಿನಕಾಯಿಯ ಕಾಲ ಬಂತು, ಹೋಯಿತು, ಮತ್ತೆ ಬಂತು. ನಾನು ಗುಬ್ಬಿ ಬಸ್ಸು ಹಿಡಿದು ಸಿ.ಎಸ್. ಪುರದ ಸ್ಕೂಲಿಗೆ ಹೋಗಿ, ಮಕ್ಕಳಿಗೆ ಸಮಾಸ ಸಂಧಿ ಹೇಳಿಕೊಟ್ಟು, ಸಂಜೆ ಮನೆಗೆ ಬಂದರೆ ಮತ್ತೆ ‘ಅದೇ’.

‘ದೇವರು ಪರೀಕ್ಷೆ ಮಾಡ್ತಿದಾನೆ ಸಾರ್’ ಎಂದ ಸಹೋದ್ಯೋಗಿಯ ಜೊತೆ ಸ್ಟಾಫ್ ರೂಮಿನಲ್ಲಿ ಜಗಳವನ್ನೇ ಆಡಿದೆ. ಪರೀಕ್ಷೆ ಮಾಡುವವರು ನಾವು, ಅದರ ನಿಯಮ ನಮಗೆ ಗೊತ್ತಿದೆ. ಮೊದಲು ಪಾಠ ಮಾಡಬೇಕು. ಟೈಮ್ ಟೇಬಲ್ ಕೊಡಬೇಕು. ಗಂಟೆ ಹೊಡೆದರೆ ಪೇಪರ್ ಕಿತ್ತುಕೊಳ್ಳಬೇಕು. ಬರೆಯುವ ಕೈಯನ್ನೇ ಮುರಿದು, ಬಾಯಿಯನ್ನೂ ಕಟ್ಟಿ, ಉತ್ತರ ಬರೆ ಎನ್ನುವ ಮೇಷ್ಟರನ್ನು ಇಲಾಖೆಯವರು ಸಂಜೆಯೊಳಗೆ ಸಸ್ಪೆಂಡ್ ಮಾಡುತ್ತಾರೆ. ಅಂದು ಮನೆಗೆ ಬಂದವನೇ ದೇವರ ಮನೆಯ ಬಾಗಿಲನ್ನು ದಡಾರನೆ ಎಳೆದು ಚಿಲಕ ಹಾಕಿದೆ.

ಆಗ ಗಿರಿಜಳನ್ನು ನೋಡಿಕೊಳ್ಳಲು ಅವಳ ತಾಯಿ ನಂಜಮ್ಮ ನಮ್ಮ ಜೊತೆಗಿದ್ದರು. ನನ್ನ ಅತ್ತೆ ಮಾತಿಗೆ ಮಾತು ಬೆಳೆಸುವವರಲ್ಲ. ಮರುದಿನ ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಚಿಲಕ ತೆಗೆದು ಒಳಗೆ ಹೋದರು. ಸಂಜೆ ನಾನು ಮತ್ತೆ ಹಾಕಿದೆ. ಬೆಳಿಗ್ಗೆ ಅವರು ಮತ್ತೆ ತೆಗೆದರು. ಹೀಗೆ ಎಷ್ಟೋ ದಿನ ನಡೆಯಿತು. ಇಬ್ಬರೂ ಆ ವಿಷಯ ಎತ್ತಲಿಲ್ಲ. ಇವರಿಗೆ ಸಿಟ್ಟೇ ಬರುವುದಿಲ್ಲವಲ್ಲ ಅನ್ನುವುದೇ ನನ್ನ ಸಿಟ್ಟಿಗೆ ಇನ್ನೊಂದು ಕಾರಣವಾಯಿತು. ಹೆತ್ತ ಮಗಳು ಹೀಗೆ ಬಿದ್ದಿರುವಾಗ ಹೂವು, ಊದುಬತ್ತಿ, ಕರ್ಪೂರ!

ಒಂದು ಬೆಳಿಗ್ಗೆ ಟವೆಲು ಹುಡುಕುತ್ತಾ ಆ ಕಡೆ ಹೋದೆ. ಒಳಗೆ ಅತ್ತೆ ದೀಪದ ಮುಂದೆ ಕೂತು ಮಾತಾಡುತ್ತಿದ್ದರು. ಸ್ತೋತ್ರ ಅಂದುಕೊಂಡೆ. ಅಲ್ಲ.

“ನೋಡಪ್ಪ ರಂಗಪ್ಪ, ಇವತ್ತೂ ದೀಪ ಹಚ್ಚಿವ್ನಿ. ನೀನೇನ್ ಮಾಡ್ದೆ? ನನ್ ಮಗ ಬಾಯ್ ಬುಟ್ಟು ಅವ್ವ ಅಂದು ಎಷ್ಟ್ ಕಾಲ ಆಯ್ತು? ಹೂ ಮುಡ್ಕೊಂಡು ನಿಂತಿದ್ದೀಯಲ್ಲ, ನಾಚ್ಕೆ ಆಗಾಕಿಲ್ವಾ ನಿಂಗೆ?”

ನಮ್ಮ ಕಡೆ ಪ್ರೀತಿ ಉಕ್ಕಿದರೆ ಮಗಳೂ ‘ಮಗ’ನೇ ಆಗುತ್ತಾಳೆ. ಆಮೇಲೆ ಬಂದ ಬೈಗುಳಗಳನ್ನು ಇಲ್ಲಿ ಬರೆಯಲಾರೆ. ಅವರ ಮನೆದೇವರು ರಂಗಪ್ಪನ ವಂಶವನ್ನೂ ಬಿಡಲಿಲ್ಲ. ಎಲ್ಲ ಮುಗಿದ ಮೇಲೆ, ಸಂತೆಯಲ್ಲಿ ಚೌಕಾಶಿ ಮಾಡಿ ಸೋತವರ ಹಾಗೆ ನಿಟ್ಟುಸಿರು ಬಿಟ್ಟು, “ನಾಳಿಕ್ ಬತ್ತೀನಿ” ಎಂದು ಎದ್ದರು. ಬಾಗಿಲಲ್ಲಿ ನಾನು.

ಬೈಯುವುದಾದರೆ ದೀಪ ಯಾಕೆ, ದೀಪ ಹಚ್ಚುವುದಾದರೆ ಬೈಗುಳ ಯಾಕೆ ಎಂದು ಕೇಳಿದೆ. ಅತ್ತೆಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

“ಇನ್ಯಾರ್ನ್ ಬೈಯ್ಲಿ ಅಳಿಯಂದ್ರೆ? ನಿಮ್ಮುನ್ನಾ? ನೀವೂ ಹಂಗ್ ಬಾಗ್ಲು ಬಡಿಯೋ ಬದ್ಲು ಒಳಿಕ್ ಬಂದು ಬೈಯ್ರಿ.”

ಇದಕ್ಕೆ ಪಂಡಿತರು ನಿಂದಾಸ್ತುತಿ ಎಂದು ಹೆಸರಿಟ್ಟಿದ್ದಾರೆ. ನಿಂದೆಯ ವೇಷದಲ್ಲಿರುವ ಹೊಗಳಿಕೆ ಅಂತ ನಾನೇ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದೇನೆ. ಅತ್ತೆಯದು ವೇಷವಾಗಿರಲಿಲ್ಲ. ಅದು ನಿಜವಾದ ನಿಂದೆ. ಆದರೆ ಬೈಸಿಕೊಂಡವನ ಬಾಗಿಲಿಗೇ ಮರುದಿನ ಹೋಗಲು ಅವರಿಗೆ ಸಂಕೋಚವಿರಲಿಲ್ಲ. ನಾನು ಬೈಯದೆಯೇ ಬಾಗಿಲು ಹಾಕಿಕೊಂಡಿದ್ದೆ. ಚಿಲಕ ಹಾಕುವುದನ್ನು ಅಂದಿನಿಂದ ಬಿಟ್ಟೆ. ಒಳಗೆ ಮಾತ್ರ ಹೋಗಲಿಲ್ಲ.

ಅಷ್ಟರಲ್ಲಿ ಗಿರಿಜಳ ಚಿಕ್ಕಪ್ಪನವರ ಪ್ರವೇಶವಾಯಿತು. ಸರ್ಕಾರಿ ಕೆಲಸದಿಂದ ರಿಟೈರ್ ಆದ ಮೇಲೆ ಉಪನ್ಯಾಸವನ್ನೇ ಕಸುಬು ಮಾಡಿಕೊಂಡವರು. ಹುತ್ರಿದುರ್ಗದ ಕಡೆ ಇರುವ ಮನೆದೇವರ ಗುಡಿಯಲ್ಲಿ ಗಿರಿಜಳ ಹೆಸರಲ್ಲಿ ಅಭಿಷೇಕ ಮಾಡಿಸಲೇಬೇಕೆಂದು ಹಟ ಹಿಡಿದರು. ಅತ್ತೆಗೂ ಆಸೆ. ಗಿರಿಜಾ ಆ ವೇಳೆಗೆ ಕೋಲು ಹಿಡಿದು ನಡೆಯುತ್ತಿದ್ದಳು. ನಾನು ಮುಖ ಗಂಟು ಹಾಕಿಕೊಂಡೇ ಕಾರು ಮಾಡಿದೆ.

ಅಭಿಷೇಕ ಮುಗಿದು, ಎಲ್ಲರೂ ಗುಡಿಯ ಮುಂದಿನ ಮಂಟಪದಲ್ಲಿ ದೊನ್ನೆ ಹಿಡಿದು ಪೊಂಗಲ್ ತಿನ್ನುತ್ತಿದ್ದೆವು. ಚಿಕ್ಕಪ್ಪ ಒಂದು ಕುರ್ಚಿ ಎಳೆದುಕೊಂಡು ಗಿರಿಜಳ ಎದುರಿಗೇ ಕೂತರು. ಮಾತು ಹೋದವರಿಗೆ ಕಿವಿಯೂ ಹೋಗಿದೆ ಅಂತ ಜನ ಯಾಕೆ ಅಂದುಕೊಳ್ಳುತ್ತಾರೋ, ಗಂಟಲು ಹರಿಯುವ ಹಾಗೆ ಶುರುಮಾಡಿದರು. ಪೂರ್ಣ ನಂಬಿಕೆ ಇಟ್ಟವರಿಗೆ ಭಗವಂತ ತಡಮಾಡುವುದಿಲ್ಲವಂತೆ. ತಡವಾಗಿದೆ ಅಂದರೆ ನಂಬಿಕೆಯಲ್ಲೇ ಎಲ್ಲೋ ಕೊರತೆಯಂತೆ. ಹೋದ ಜನ್ಮದ್ದೂ ಸ್ವಲ್ಪ ಇರಬಹುದಂತೆ. ಒಳಗೆ ನೋಡಿಕೊಳ್ಳಬೇಕಂತೆ. ಗಿರಿಜಾ ತಲೆ ತಗ್ಗಿಸಿ ಕೇಳುತ್ತಿದ್ದಳು. ಎದ್ದು ಹೋಗಲು ಅವಳಿಗೆ ಇನ್ನೊಬ್ಬರ ಕೈ ಬೇಕು, ಎದುರು ಹೇಳಲು ‘ಅದೇ’ ಬಿಟ್ಟರೆ ಬೇರೆ ಇಲ್ಲ. ಅದು ಗೊತ್ತಿದ್ದೂ ಈ ಮನುಷ್ಯ ಹೇಳುತ್ತಿದ್ದಾನಲ್ಲ! ದೊನ್ನೆ ಕೆಳಗಿಟ್ಟು ಎದ್ದೆ. ನಾನು ಅಂದು ಅವರನ್ನು ಹೊಡೆಯುತ್ತಿದ್ದೆನೋ ಏನೋ.

“ಬಾಯ್ ಮುಚ್ಚು.”

ಹೇಳಿದ್ದು ಯಾರು ಅಂತ ಎಲ್ಲರೂ ಹುಡುಕಿದರು. ಗಿರಿಜಾ ತಲೆ ಎತ್ತಿದ್ದಳು. ಎಡಗೈಯಲ್ಲಿದ್ದ ದೊನ್ನೆ ನಜ್ಜುಗುಜ್ಜಾಗಿತ್ತು.

“ಬಾಯ್ ಮುಚ್ಚು, ಚಿಕ್ಕಪ್ಪ.”

ಅಪ್ಪನ ತಮ್ಮನಿಗೆ, ದೇವರ ಗುಡಿಯಲ್ಲಿ, ಏಕವಚನ! ಚಿಕ್ಕಪ್ಪ ಒಂದು ಕ್ಷಣ ತಬ್ಬಿಬ್ಬಾದರು. ಆಮೇಲೆ ಎರಡೂ ಕೈಯೆತ್ತಿ, ನೋಡಿದಿರಾ, ರಂಗಪ್ಪನ ಕೃಪೆ, ನಾನು ಹೇಳಿರಲಿಲ್ಲವೇ ಎಂದು ಮಂಟಪದ ತುಂಬ ಸಾರಿದರು. ಅವಳ ಮಾತನ್ನೂ ಅವರು ತಮ್ಮ ಖಾತೆಗೇ ಹಾಕಿಕೊಂಡರು. ಅತ್ತೆ ಕಂಬಕ್ಕೆ ಒರಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದರು. ಭುಜ ಅಲುಗುತ್ತಿತ್ತು. ಅಳುತ್ತಿದ್ದರೋ ನಗುತ್ತಿದ್ದರೋ ನನಗೆ ತಿಳಿಯಲಿಲ್ಲ.

ಥೆರಪಿಸ್ಟ್ ಹುಡುಗಿಗೆ ಹೇಳಿದಾಗ ಅವಳಿಗೆ ಆಶ್ಚರ್ಯವಾಗಲಿಲ್ಲ. ಬೈಗುಳ, ಹಾಡು, ಬಾಯಿಪಾಠ, ಇವು ಮೆದುಳಿನ ಬೇರೆ ದಾರಿಯಿಂದ ಬರುತ್ತವಂತೆ. ಆ ದಾರಿ ತೆರೆದಿದೆ, ಉಪಯೋಗಿಸಿಕೊಳ್ಳಿ ಅಂದಳು. ಗಿರಿಜಳಿಗೆ ಸಿಟ್ಟು ಬರಿಸುವುದರಲ್ಲಿ ನನಗೆ ಮದುವೆಯಾದಾಗಿನಿಂದ ಅನುಭವವಿದೆ. ಉಪ್ಪಿಲ್ಲದ ಸಾರು ಮಾಡಿದೆ. ಸೀರಿಯಲ್ಲಿನ ನಡುವೆ ಟೀವಿ ಆರಿಸಿದೆ. ‘ಉಪ್ಪು’ ಬಂತು. ‘ಹಾಕು’ ಬಂತು. ಒಂದು ದಿನ ‘ದಡ್ಡ’ ಬಂತು. ಅಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕಾಫಿ ಕೊಡಿಸಿದೆ, ಕಾರಣ ಹೇಳಲಿಲ್ಲ.

ಎಲ್ಲವೂ ಸರಿಹೋಯಿತು ಅಂತ ನೀವು ತಿಳಿಯಬಾರದು. ಅವಳು ಮತ್ತೆ ಶಾಲೆಗೆ ಹೋಗಲಿಲ್ಲ. ಬಲಗೈ ಹಾಗೇ ಇದೆ. ಈಗಲೂ ಒಂದು ವಾಕ್ಯಕ್ಕೆ ಅವಳು ಪಡುವ ಪಾಡು ನೋಡಿದರೆ ನನ್ನ ಹಲ್ಲು ಕಟಕಟ ಎನ್ನುತ್ತದೆ. ಇಷ್ಟನ್ನಾದರೂ ಕೊಟ್ಟನಲ್ಲ ಎನ್ನುವವರಿಗೆ, ಕಿತ್ತುಕೊಂಡವರು ಯಾರು ಅಂತ ಕೇಳುತ್ತೇನೆ. ಆದರೆ ಅತ್ತೆ ಊರಿಗೆ ಹೋದ ಮೇಲೆ ದೀಪ ಹಚ್ಚುತ್ತಿರುವವನು ನಾನೇ. ಒಳಗೆ ಹೋಗಿ, ಗ್ರಾಂಥಿಕ ಕನ್ನಡದಲ್ಲಿ ಜಗಳವಾಡಿ ಬರುತ್ತೇನೆ. ಶಾಂತಿ ಸಿಕ್ಕಿದೆ ಅಂತ ಸುಳ್ಳು ಹೇಳಲಾರೆ. ಜಗಳ ಮುಂದುವರಿದಿದೆ, ಅಷ್ಟೇ.

ಮೊನ್ನೆ ಗುಬ್ಬಿಯಲ್ಲಿ ನನ್ನ ಸಹೋದ್ಯೋಗಿಯೊಬ್ಬರ ಮನೆಗೆ ಹೋಗಿದ್ದೆವು. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿ, ಕಣ್ಣು ಬಿಟ್ಟರೂ ಗುರುತು ಹಿಡಿಯದೆ ಮಲಗಿದ್ದಾರೆ. ಅವರ ಹೆಂಡತಿ ಮಂಜುಳಾ ನಮ್ಮನ್ನು ಕೂರಿಸಿ ಕಾಫಿ ಕೊಟ್ಟಳು. ಆಮೇಲೆ ನನ್ನನ್ನು ಬಿಟ್ಟು ಗಿರಿಜಳನ್ನೇ ಕೇಳಿದಳು:

“ಅಕ್ಕ, ನೀವ್ ಹೇಳಿ. ದೇವ್ರು ಇದಾನಾ?”

ಗಿರಿಜಾ ಪದ ಹುಡುಕುವಾಗ ನಡುವೆ ಹೋಗಬಾರದು. ತುಟಿ ಅಲುಗಿತು, ನಿಂತಿತು, ಮತ್ತೆ ಅಲುಗಿತು.

“ಗೊತ್ತಿಲ್ಲ. ನಾನು... ಬೈತೀನಿ. ದಿನಾ.”

ಮಂಜುಳಾ ಕಣ್ಣೊರೆಸಿಕೊಂಡು, ಅವನು ಕೇಳಿಸಿಕೊಳ್ಳುತ್ತಾನಾ ಎಂದಳು. ಗಿರಿಜಾ ಎಡಗೈ ಚಾಚಿ ಅವಳ ಮೊಣಕೈ ಹಿಡಿದಳು. ಈ ಸಲ ಪದ ಬೇಗ ಸಿಕ್ಕಿತು.

“ಓಡ್ಹೋಗಿಲ್ಲ.”