ಬದುಕಲ್ಲ ಅಂದ ಹುಳ

ಶಿಡ್ಲಘಟ್ಟದ ಕಡೆ ರೇಷ್ಮೆ ಹುಳ ಸಾಕುವವರಿಗೆ ಸಲಹೆ ಹೇಳುವುದು ನನಗಾಗ ಸಂಬಳದ ಕೆಲಸ. ಒಂದು ಬೆಳಗ್ಗೆ ಮುನಿಯಮ್ಮನವರ ಹುಳುಮನೆಗೆ ಹೋದರೆ ತಟ್ಟೆ ತುಂಬ ಹುಳ ಸಪ್ಪಗೆ ಬಿದ್ದಿದ್ದವು, ಸೊಪ್ಪಿಗೆ ಬಾಯಿ ಹಾಕುತ್ತಿರಲಿಲ್ಲ.

"ಇವು ಬದುಕಲ್ಲಮ್ಮ. ಎಲ್ಲ ಆಚೆ ಹಾಕಿ ಮನೆ ತೊಳೆದುಬಿಡಿ" ಅಂದೆ. ನಾನು ಓದಿದ್ದೂ ಅದೇ, ಕಂಡಿದ್ದೂ ಅದೇ.

ಆಯಮ್ಮನ ಕಣ್ಣು ತುಂಬಿತು. "ಸೊಪ್ಪು ಕೊಯ್ದುಬಿಟ್ಟಿದೀನಲ್ಲ ಸಾರ್. ಇದೊಂದು ತಿನ್ಲಿ, ನಾಳೆ ಬಿಸಾಕ್ತೀನಿ" ಅಂದರು.

ಮುಂದಿನ ವಾರ ಹೋದರೆ ಹುಳ ಗೂಡು ಕಟ್ಟೋ ಬಿದಿರಿನ ಚಂದ್ರಿಕೆ ತುಂಬ ಬೆಳ್ಳಗೆ ಗೂಡು! "ಏನು ಔಷಧಿ ಹಾಕಿದ್ರಿ?" ಅಂದೆ.

"ಏನೂ ಇಲ್ಲ. ದಿನಾ ನಾಳೆ ಬಿಸಾಕೋಣ ಅಂತಿದ್ದೆ. ದಿನಾ ಒಂಚೂರು ಸೊಪ್ಪು ಉಳೀತಿತ್ತು."

ಅವು ಹೇಗೆ ಚೇತರಿಸಿಕೊಂಡವೋ, ಆಯಮ್ಮನಿಗೂ ಗೊತ್ತಿಲ್ಲ, ನನಗೆ ಇವತ್ತಿಗೂ ಗೊತ್ತಿಲ್ಲ.

ಮುಂದಿನ ಬೆಳೆಗೆ ಅವರೇ ಬೂತಿನಿಂದ ಫೋನ್ ಮಾಡಿಸಿ ಕರೆಸಿಕೊಂಡರು. ಓಡಿಹೋದೆ. ಹುಳ ದುಂಡುದುಂಡಗೆ, ಸರಸರ ಸೊಪ್ಪು ಮೇಯುತ್ತಿದ್ದವು.

"ಎಲ್ಲ ಚೆನ್ನಾಗಿದೆಯಲ್ಲಮ್ಮ, ನನ್ನನ್ಯಾಕೆ ಕರೆಸಿದ್ರಿ?"

"ಹೋದ ಸಲ ನಿಮ್ಮ ಮಾತು ನಮಗೆ ಆಗಿಬಂತು ಸಾರ್. ಇವೂ ಬದುಕಲ್ಲ ಅಂತ ಒಂದ್ಸಲ ಹೇಳ್ಬಿಟ್ಟು ಹೋಗಿ."

ಹೇಳುವುದೇ ನನ್ನ ಕೆಲಸ ತಾನೇ? ಮುಖ ಗಂಟು ಹಾಕಿಕೊಂಡು, "ಕಷ್ಟ ಕಣಮ್ಮ, ಒಂದೂ ಉಳಿಯಲ್ಲ" ಅಂದೆ.