ಗಾಜಿನಾಚೆ ನಿಂತ ಬಿಸಿಲು

ಬಳ್ಳಾರಿಯ ಬಿಸಿಲನ್ನು ಹೊಗಳಿದವರನ್ನು ನಾನು ಈವರೆಗೆ ಕಂಡಿಲ್ಲ. ಯಾರಾದರೂ ಸಿಕ್ಕರೆ ಅವರನ್ನು ಮೇ ತಿಂಗಳ ಮಧ್ಯಾಹ್ನ ಒಂದು ಗಂಟೆಗೆ ನನ್ನ ಸೈಕಲ್ಲಿನ ಸೀಟಿನ ಮೇಲೆ ಕೂರಿಸಬೇಕೆಂದು ಬಹಳ ದಿನದಿಂದ ಕಾದಿದ್ದೇನೆ. ನಮ್ಮೂರಲ್ಲಿ ವರ್ಷಕ್ಕೆ ಎರಡೇ ಕಾಲ: ಬೇಸಿಗೆ, ಮತ್ತು ಬೇಸಿಗೆ ಬರುತ್ತದಲ್ಲಪ್ಪಾ ಎಂದು ಹೆದರುವ ಕಾಲ. ಇಂಥ ಊರಿನಲ್ಲಿದ್ದುಕೊಂಡು, “ನಿಮ್ಮ ಮಗುವಿಗೆ ಬಿಸಿಲು ಸಾಲದು” ಎಂದು ಡಾಕ್ಟರ ಬಾಯಿಂದ ಕೇಳಿಸಿಕೊಂಡ ಭೂಪ ನಾನು. ಅದೂ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಮೇಷ್ಟ್ರು! ಹದಿನಾಲ್ಕು ವರ್ಷ ಕಳೆದರೂ ನೆನೆದಾಗಲೆಲ್ಲ ಮೈ ಉರಿಯುತ್ತದೆ.

ಬಿಸಿಲಿನೊಳಗೆ ಕಣ್ಣಿಗೆ ಕಾಣದ ಒಂದು ಪಾಲಿದೆ. ಕಾಮನಬಿಲ್ಲಿನ ನೇರಳೆ ಬಣ್ಣದಿಂದಾಚೆಗೆ ಇರುವುದರಿಂದ ಅದಕ್ಕೆ ನೇರಳಾತೀತ ಕಿರಣ ಎಂದು ಹೆಸರು. ಹೆಸರು ಕೇಳಿದರೆ ಪುರಾಣದ ಯಾವುದೋ ಅಸ್ತ್ರ ಅನ್ನಿಸುತ್ತದೆ. ಮಾಡುವುದೆಲ್ಲ ಮನೆಮಟ್ಟದ ಕಿತಾಪತಿ. ಹಗ್ಗದ ಮೇಲೆ ಹಾಕಿದ ಹೊಸ ಸೀರೆಯ ಬಣ್ಣ ತಿನ್ನುವುದು ಅದೇ. ಕೊಡೆಯ ಬಟ್ಟೆಯನ್ನು ಮುಟ್ಟಿದರೆ ಹರಿಯುವಂತೆ ಮಾಡುವುದೂ, ಮದುವೆಯ ಫೋಟೋದಲ್ಲಿ ಸಾಧಾರಣ ಬಣ್ಣಕ್ಕಿದ್ದ ನನ್ನ ಮೂಗನ್ನು ಈ ಸ್ಥಿತಿಗೆ ತಂದದ್ದೂ ಅದೇ. ಚರ್ಮದ ಮೇಲೆ ಬಿದ್ದರೆ ಎಲುಬಿಗೆ ಬೇಕಾದ ಡಿ ಜೀವಸತ್ವ ಹುಟ್ಟುತ್ತದೆ ಎಂಬ ಒಂದು ಒಳ್ಳೆಯ ಮಾತನ್ನೂ ಪಾಠದ ಕೊನೆಯಲ್ಲಿ ಸೇರಿಸಿದ್ದಾರೆ. ಪಾಠ ಮುಗಿಯುವ ಹೊತ್ತಿಗೆ ಗಂಟೆ ಹೊಡೆಯುವುದರಿಂದ ಆ ಮಾತನ್ನು ನಾನು ಪ್ರತಿವರ್ಷ ಓಡಿಸಿಬಿಡುತ್ತಿದ್ದೆ.

ಮದುವೆಯಾಗಿ ಒಂಬತ್ತು ವರ್ಷಕ್ಕೆ ನಮಗೆ ಉಮಾ ಹುಟ್ಟಿದಳು. ಒಂಬತ್ತು ವರ್ಷ ಕಾದು ಪಡೆದ ಮಗುವನ್ನು ಜನ ಹೇಗೆ ಸಾಕುತ್ತಾರೋ ಹಾಗೆಯೇ ನಾನೂ ಸಾಕಿದೆ, ಅಂದರೆ ಕೆಡಿಸಿದೆ. ಬಾಣಂತನಕ್ಕೆ ಸಿರುಗುಪ್ಪದಿಂದ ಅತ್ತೆಯವರು ಬಂದರು. ಬೆಳಿಗ್ಗೆ ಗಾಂಧಿನಗರದ ನಮ್ಮ ಮನೆಯ ಅಂಗಳದಲ್ಲಿ ಕಾಲು ಚಾಚಿ ಕೂತು, ಮೊಣಕಾಲ ಕೆಳಗೆ ಮಗುವನ್ನು ಮಲಗಿಸಿಕೊಂಡು, ಎಣ್ಣೆ ತಿಕ್ಕಿ ಎಳೆಬಿಸಿಲಿಗೆ ಬಿಡುತ್ತಿದ್ದರು. ಬೆನ್ನಿಗಿಷ್ಟು ಹೊತ್ತು, ಹೊಟ್ಟೆಗಿಷ್ಟು ಹೊತ್ತು. ನನಗೆ ಜೀವ ಹೋಗಿ ಬರುತ್ತಿತ್ತು. ಆಚೆ ರಸ್ತೆಯ ಧೂಳು, ಮೇಲೆ ಈ ಊರಿನ ಸೂರ್ಯ, ನಡುವೆ ನನ್ನ ಅಂಗೈಯಷ್ಟಗಲದ ಮಗಳು!

“ಅತ್ತೀ, ಮಗು ಸುಟ್ಟು ಕರಿ ಆಗತೈತಿ” ಎಂದೆ.

“ಹಪ್ಪಳಕ್ಕ ಬಿಸಿಲು ಬೇಕು, ಮೆಣಸಿನಕಾಯಿಗೆ ಬೇಕು, ನಿಮ್ಮ ಮಗಳಿಗೆ ಬ್ಯಾಡೇನ್ರಿ? ಸುಮ್ನ ಸಾಲಿಗೆ ಹೋಗಿ ಪಾಠ ಹೇಳ್ರಿ ಅಳಿಯಂದ್ರ” ಎಂದರು.

ಮಗಳನ್ನು ಹಪ್ಪಳದ ಸಾಲಿಗೆ ಸೇರಿಸಿದ್ದು ನನ್ನ ಮನಸ್ಸಿಗೆ ನಾಟಿತು. ಮೂರು ತಿಂಗಳಿಗೆ ಭತ್ತದ ಸುಗ್ಗಿ ಬಂದು ಅತ್ತೆ ಸಿರುಗುಪ್ಪಕ್ಕೆ ಹೊರಟರು. ಅವರ ಬಸ್ಸು ಊರು ದಾಟುವಷ್ಟರಲ್ಲಿ ನಾನು ಕೌಲ್ ಬಜಾರಿನಲ್ಲಿದ್ದೆ.

ಅಲ್ಲಿ ಖಾಜಾಸಾಬರ ವೆಲ್ಡಿಂಗ್ ಅಂಗಡಿ. ಮನೆಯ ಪಡಸಾಲೆಯ ಮುಂಭಾಗಕ್ಕೆ ಉದ್ದಕ್ಕೂ ಕಬ್ಬಿಣದ ಚೌಕಟ್ಟು ಮಾಡಿಸಿ, ಗಾಜು ಕೂರಿಸಬೇಕೆಂಬುದು ನನ್ನ ಯೋಜನೆ. ಧೂಳು ಹೊರಗೆ, ಬಿಸಿಲು ಒಳಗೆ, ಮಗು ಕ್ಷೇಮ. ಕೆಲಸ ಬೇಗ ಆಗಲೆಂದು ಅವರ ತಲೆಯ ಮೇಲೆಯೇ ನಿಂತಿದ್ದೆ. ಮುಖಕ್ಕೆ ಕಪ್ಪು ಗಾಜಿನ ಹಲಗೆ ಹಿಡಿದಿದ್ದ ಖಾಜಾಸಾಬರು ಕೆಲಸ ನಿಲ್ಲಿಸಿ ಗದರಿದರು.

“ಆ ಬೆಳಕು ನೋಡಬ್ಯಾಡ್ರಿ ಸಾರ್. ಕಣ್ಣಾಗ ಉಸುಕು ಹಾಕಿ ತಿಕ್ಕಿದಂಗ ಆಗತೈತಿ. ನಿಮಗ ಚಸ್ಮಾ ಐತಿ ಅಂತ ಬಚಾವು. ಸಾದಾ ಗಾಜೂ ಒಂದೀಟು ತಡೀತೈತಿ. ಆದ್ರೂ ನಂಬಾಕ ಆಗಂಗಿಲ್ಲ, ಆಕಡಿ ತಿರುಗ್ರಿ.”

ನಾನು ಆಕಡೆ ತಿರುಗಿದೆ. ಆ ಬೆಳಕಿನಲ್ಲಿ ಕಣ್ಣು ಸುಡುವುದು ನೇರಳಾತೀತ ಕಿರಣವೇ ಎಂದು ನನಗೆ ಗೊತ್ತಿತ್ತು. ಸಾದಾ ಗಾಜು ಅದನ್ನು ತಡೆಯುತ್ತದೆ ಎಂದು ನಾಲ್ಕನೇ ಇಯತ್ತೆ ಓದಿದ ಆ ಮನುಷ್ಯ ನನ್ನ ಕಿವಿಯಲ್ಲೇ ಹೇಳಿದ. ಕಿವಿಗೂ ತಲೆಗೂ ನಡುವೆ ನನ್ನ ಬಿ.ಎಸ್ಸಿ. ಅಡ್ಡ ಕೂತಿತ್ತು.

ಪಡಸಾಲೆಗೆ ಗಾಜು ಬಂತು. ಅದಕ್ಕೊಪ್ಪುವ ನೀಲಿ ಪರದೆ ತಂದೆವು. ಉಮಾ ದಿನವೂ ಗಾಜಿನೊಳಗೆ, ಬಿಸಿಲು ಬೀಳುವ ಜಾಗದಲ್ಲಿ ಆಡಿಕೊಂಡಿರುತ್ತಿದ್ದಳು. ಹೊರಗೆ ಒಯ್ಯುವಾಗ ಟೋಪಿ, ಕಾಲುಚೀಲ, ಮೇಲೊಂದು ಶಾಲು. ನಾಲ್ಕೇ ತಿಂಗಳಲ್ಲಿ ಪರದೆ ಮಜ್ಜಿಗೆಯ ಬಣ್ಣಕ್ಕೆ ತಿರುಗಿತು. ಹೆಂಡತಿ ಗಿರಿಜಾ ಗೊಣಗಿದಳು, ನಾನು ಹಿಗ್ಗಿದೆ. “ನೋಡು, ಬಣ್ಣ ತಿನ್ನೋ ಕಿರಣ ಗಾಜು ದಾಟಿ ಬಂದೈತಿ ಅಂದ್ರ ಮಗೂಗೆ ಬೇಕಾದ್ದೂ ಬಂದಂಗಾತು” ಎಂದು ಪರದೆಯನ್ನೇ ಸಾಕ್ಷಿಗೆ ನಿಲ್ಲಿಸಿದೆ. ಸ್ಟಾಫ್ ರೂಮಿನಲ್ಲಿ ಈ ವಾದವನ್ನು ಎರಡು ಸಲ ಮಂಡಿಸಿ ಚಹಾ ಕುಡಿದದ್ದೂ ಉಂಟು.

ಉಮಾಳಿಗೆ ಒಂದೂವರೆ ವರ್ಷವಾಯಿತು. ನಿಲ್ಲಲಿಲ್ಲ. ‘ಕೆಲವು ಮಕ್ಕಳು ತಡ’ ಎಂದುಕೊಂಡೆವು. ನಾನು ಹುಟ್ಟಿದೂರಾದ ಕುರುಗೋಡಿನಲ್ಲೇ ಇರುವ ನನ್ನ ಅಕ್ಕನ ಮನೆಗೆ ಹೋದಾಗ, ಉಮಾಳಿಗಿಂತ ಎರಡು ತಿಂಗಳಿಗೆ ಚಿಕ್ಕವಳಾದ ಅಕ್ಕನ ಮೊಮ್ಮಗಳು ಬರಿಮೈಯಲ್ಲಿ, ಬರಿಗಾಲಲ್ಲಿ, ಬಂಡೆಯ ಮೇಲೆ ಕರುವಿನ ಹಿಂದೆ ಓಡುತ್ತಿದ್ದಳು. ಬಾಲ್ಯದಲ್ಲಿ ನಾನೂ ಅದೇ ಬಂಡೆಗಳ ಮೇಲೆ ಹಾಗೆಯೇ ಸುಟ್ಟುಕೊಂಡು ಬೆಳೆದವನು. ನನ್ನ ಮಗಳು ಟೋಪಿ ಹಾಕಿಕೊಂಡು, ಕೂತಲ್ಲೇ ಕೂತು, ಆ ಕರುವಿನ ಕಡೆ ಎರಡೂ ಕೈ ಚಾಚಿದಳು. ಎತ್ತಿ ನಿಲ್ಲಿಸಿದರೆ ಕಾಲು ಬಿಲ್ಲಿನಂತೆ ಬಾಗಿ ಕುಸಿದಳು. ಅಕ್ಕ ಬಂದು ಅವಳನ್ನು ಎತ್ತಿಕೊಂಡು ಕಾಲು ಸವರಿದಳು. ಅವಳು ಬೈದಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ನಾನೂ ಗಿರಿಜಾಳೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಕಂಟೋನ್ಮೆಂಟಿನ, ಮಾತಿಗೆ ತೆಲುಗು ಬೆರೆಸುವ ಮುದುಕ ಡಾಕ್ಟರು ಮಗುವಿನ ಮಣಿಕಟ್ಟು ಹಿಡಿದು ನೋಡಿದರು, ಕಾಲು ನೋಡಿದರು, ಆಮೇಲೆ ನನ್ನನ್ನು ನೋಡಿದರು.

“ಇದೇಮಿ ಮೇಷ್ಟ್ರೇ! ಬಳ್ಳಾರಿಯಾಗ ಬಿಸಿಲಿಲ್ಲದ ಮಗೂನ್ನ ಎಲ್ಲಿಂದ ತಂದ್ರಿ?”

ನಾನು ಗಾಜಿನ ಪಡಸಾಲೆಯನ್ನು ವರ್ಣಿಸಿದೆ. ಪರದೆಯ ಸಾಕ್ಷ್ಯವನ್ನೂ ಹೇಳಿದೆ. ಡಾಕ್ಟರು ಹಣೆ ಹಣೆ ಬಡಿದುಕೊಂಡರು.

“ನೇರಳಾತೀತ ಅಂದ್ರ ಎಲ್ಲಾ ಒಂದೇ ಏನ್ರಿ? ಪರದೆ ತಿನ್ನೋದು ಗಾಜು ದಾಟಿ ಬರ್ತೈತಿ. ಎಲುಬು ಕಟ್ಟೋದು ಗಾಜಿನಾಚೆ ನಿಂತುಬಿಡ್ತೈತಿ. ಕೆಡಿಸೋದನ್ನ ಒಳಗ ಕರದು, ಉಳಿಸೋದನ್ನ ಬಾಗಿಲಾಗ ನಿಲ್ಲಿಸೀರಲ್ಲ!”

ಮೀನೆಣ್ಣೆ ಕೊಡಬಹುದು ಎಂದರು. ಗಿರಿಜಾ ಕೊರಳಲ್ಲಿದ್ದ ಲಿಂಗವನ್ನು ಮುಟ್ಟಿಕೊಂಡು “ಶಿವಶಿವಾ” ಎಂದಳು. ಬೇರೆ ಹನಿ ಬರೆದುಕೊಟ್ಟು, ದಿನವೂ ಬೆಳಗಿನ ಬಿಸಿಲು ಮೈಗೆ ನೇರ ಬೀಳಬೇಕೆಂದು ಹೇಳಿ, “ಕಾಲು ಸರಿ ಆಗ್ತಾವು, ಇನ್ನೂ ಹೊತ್ತು ಮೀರಿಲ್ಲ” ಎಂದರು. ಆ ಕೊನೆಯ ಮಾತಿಗೆ ನಾನು ಅಲ್ಲೇ ಅತ್ತುಬಿಟ್ಟೆ. ವಿಜ್ಞಾನದ ಮೇಷ್ಟ್ರು ಅಳಬಾರದೆಂದು ಯಾವ ಪಠ್ಯದಲ್ಲೂ ಇಲ್ಲ.

ಅತ್ತೆಗೆ ಕಾಗದ ಹೋಯಿತು. ಮೂರನೇ ದಿನ ಎಣ್ಣೆಯ ಡಬ್ಬಿಯೊಂದಿಗೆ ಇಳಿದರು. ಗಾಜು ನೋಡಿದರು, ಮೊಮ್ಮಗಳನ್ನು ನೋಡಿದರು. “ಬಿಸಿಲಿಗೆ ಬಾಗಿಲು ಹಾಕೋದು ಯಾವ ಸಾಲಿಯಾಗ ಕಲಿಸ್ತಾರ್ರಿ?” ಎಂದು ಕೇಳಿ ಉತ್ತರಕ್ಕೆ ಕಾಯದೆ ಅಂಗಳಕ್ಕೆ ನಡೆದರು. ಖಾಜಾಸಾಬರು ಬಂದು ಗಾಜುಗಳನ್ನೆಲ್ಲ ತೆಗೆದರು. ಚೌಕಟ್ಟು ಕೀಳಲು ಗೋಡೆ ಒಡೆಯಬೇಕಾದ್ದರಿಂದ ಅದು ಬರಿದಾಗಿ ಉಳಿಯಿತು. ದಿನವೂ ಹನಿ, ಎಣ್ಣೆ, ಬಿಸಿಲು. ಆಮೇಲೆ ಆದ ಗುಣ ಹನಿಯದೋ ಬಿಸಿಲಿನದೋ ಎಂಬ ಜಗಳ ನನಗೂ ಅತ್ತೆಯವರಿಗೂ ಇವತ್ತಿಗೂ ತೀರಿಲ್ಲ.

ಐದಾರು ತಿಂಗಳ ಮೇಲೆ, ಮಾರ್ಚ್ ತಿಂಗಳ ಒಂದು ಬೆಳಿಗ್ಗೆ. ಉಮಾ ಅಂಬೆಗಾಲಲ್ಲಿ ಪಡಸಾಲೆಗೆ ಬಂದಳು. ಬರಿದಾದ ಚೌಕಟ್ಟಿನ, ಬಾಗಿಲ ಪಕ್ಕದ ಕಂಬಿ ಹಿಡಿದು ಮೆಲ್ಲನೆ ಎದ್ದಳು. ಹಿಡಿದು ನಿಲ್ಲುವುದು ಆಗಲೇ ರೂಢಿಯಾಗಿತ್ತು. ಕೈ ಬಿಡುವ ಧೈರ್ಯ ಮಾತ್ರ ಬಂದಿರಲಿಲ್ಲ. ಒಂಬತ್ತು ಗಂಟೆಗೇ ಬಿಸಿಲು ಕಂಬಿಯನ್ನು ಕಾಯಿಸಿಟ್ಟಿತ್ತು. ಕಾವು ತಾಗಿ ಅವಳು ಚಟ್ಟನೆ ಎರಡೂ ಕೈ ಬಿಟ್ಟಳು. ಬೀಳಲಿಲ್ಲ. ಕೈ ನೋಡಿಕೊಂಡಳು. ಆಮೇಲೆ ಅಂಗಳದಲ್ಲಿ ಕೂತಿದ್ದ ಅಜ್ಜಿಯ ಕಡೆಗೆ ಒಂದು ಹೆಜ್ಜೆ, ಎರಡು ಹೆಜ್ಜೆ, ಮೂರು.

“ಅಯ್ಯೋ, ಕೈ ಸುಟ್ಟುಕೊಂಡಳು!” ಎಂದು ನಾನು ಕೂಗಿದೆ.

“ಬಾಯಿ ಮುಚ್ಚಿಕೊಂಡು ನೋಡ್ರಿ ಅಳಿಯಂದ್ರ” ಎಂದರು ಅತ್ತೆ. ಅವರ ಕಣ್ಣು ತುಂಬಿತ್ತು. “ನಡದಾಳ.”

ಈಗ ಉಮಾ ಹೈಸ್ಕೂಲಿಗೆ ಹೋಗುತ್ತಾಳೆ. ಮಧ್ಯಾಹ್ನ ಮನೆಗೆ ಬಂದು ಚೀಲ ಎಸೆದು, “ಏನ್ ಸುಡುಗಾಡು ಬಿಸಿಲಪ್ಪಾ ಇದು!” ಎಂದು ಬೈಯುತ್ತಾಳೆ. ನಾನೂ ದನಿಗೂಡಿಸುತ್ತೇನೆ, ಬಳ್ಳಾರಿಯವರಿಗೆ ಅದು ಜನ್ಮಸಿದ್ಧ ಹಕ್ಕು. ಆದರೆ ಒಂದು ವ್ಯತ್ಯಾಸ. ಈಗ ಕಿಟಕಿ ತೆರೆದಿಟ್ಟು ಬೈಯುತ್ತೇನೆ.