ಅಮ್ಮನ ಎಡಭುಜ

ಸಿದ್ಧಕಟ್ಟೆಯ ನಮ್ಮ ಟೈಲರ್ ಯಾರನ್ನು ಕಂಡರೂ ಮೊದಲು ಭುಜ ನೋಡುತ್ತಿದ್ದರು. ಟೇಪು ಕೊರಳಲ್ಲೇ ಇರುತ್ತಿತ್ತು. “ಅಳತೆ ಕಣ್ಣಲ್ಲೇ ಉಂಟು” ಎನ್ನುತ್ತಿದ್ದರು. ಮೂಡುಬಿದಿರೆಯಲ್ಲಿ ನನ್ನ ಚಿತ್ರಪ್ರದರ್ಶನಕ್ಕೆ ಬಂದಾಗ ಅವರು, ತೀರಿಹೋದ ಅಮ್ಮನನ್ನು ನಾನು ಇದ್ದಿಲಲ್ಲಿ ಬರೆದಿದ್ದ ಚಿತ್ರದೆದುರು ಬಹಳ ಹೊತ್ತು ನಿಂತರು.

“ಮುಖ ಸರಿ ಉಂಟು. ಆದರೆ ಇದು ಅಮ್ಮ ಅಲ್ಲ ಮಾರಾಯ್ರೆ.”

ಒಳಗೊಳಗೇ ನನಗೂ ಹಾಗೆಯೇ ಅನಿಸಿತ್ತು. “ಎಲ್ಲಿ ತಪ್ಪಿದ್ದು?” ಎಂದೆ.

“ಅವರ ಎಡಭುಜ ಒಂದು ಬೆರಳು ಇಳಿದಿತ್ತು. ರವಕೆ ಹೊಲಿಯುವಾಗ ಯಾರಿಗೂ ಗೊತ್ತಾಗದ ಹಾಗೆ ನಾನೇ ಸರಿ ಮಾಡ್ತಿದ್ದದ್ದು.”

ಚೌಕಟ್ಟು ಬಿಚ್ಚಿ, ಅವರು ತೋರಿಸಿದಲ್ಲಿಗೆ ಗೆರೆ ಇಳಿಸಿದೆ. ಸಂಜೆ ಬಂದ ಅಕ್ಕ ಬಾಗಿಲಿನಿಂದಲೇ ಚಿತ್ರ ನೋಡಿ, “ಅಮ್ಮ!” ಎಂದಳು. ಟೈಲರ್ ಆಗಲೇ ಊರಿನ ಬಸ್ಸು ಹತ್ತಿದ್ದರು.